ಗಾಯಕ್ಕೆ ಜೇನಿನ ಅಂಟೋ, ಜೇನುತುಪ್ಪವೋ, ಮುಲಾಮೋ?

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಮುಜಂಟಿ (ಚುಚ್ಚದ ಸಣ್ಣ ಜೇನು) ಪೆಟ್ಟಿಗೆ ಬಿಚ್ಚಿ ಎರಡು ಕುಟುಂಬ ಮಾಡುತ್ತಿದ್ದೆ. ತೋಟದ ಕೆಲಸಕ್ಕೆ ಬರುವ ಅಕ್ಕ ಎಡಗೈ ಹೆಬ್ಬೆರಳು ಹಿಡಿದುಕೊಂಡು ಬಂದರು. ಹುಲ್ಲು ಹೆರೆಯುವಾಗ ಕತ್ತಿ ತಾಗಿತ್ತು.

"ಅಣ್ಣಾ, ಹೇಗೂ ಪೆಟ್ಟಿಗೆ ತೆಗೆದಿದ್ದೀರಲ್ಲ, ಚೂರು ಅಂಟು ಕೊಡಿ. ಮೆತ್ತಿಕೊಂಡರೆ ನಾಳೆಗೆ ಕೂಡಿಕೊಳ್ಳುತ್ತದೆ."

ನನ್ನ ಬೆರಳುಗಳ ತುಂಬ ಅದೇ ಅಂಟು. ಕಪ್ಪು ಬಣ್ಣ. ಬೆರಳು ಬಿಡಿಸಿದರೆ ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಮೂಗಿನ ಹತ್ತಿರ ಹಿಡಿದರೆ ಧೂಪದ ವಾಸನೆ, ಅದರ ಹಿಂದೆ ಹುಳಿ ಜೇನಿನ ವಾಸನೆ. ಸೋಪಿಗೆ ಹೋಗುವುದಿಲ್ಲ, ತೆಂಗಿನೆಣ್ಣೆ ಹಾಕಿ ತಿಕ್ಕಬೇಕು. ಆದರೂ ನಾನು ಕೊಡಲಿಲ್ಲ. ಅವರನ್ನು ನಲ್ಲಿ ಹತ್ತಿರ ಕರೆದುಕೊಂಡು ಹೋದೆ. ಅವರಿಗೆ ಬೇಜಾರಾಯಿತು. "ಜೇನು ಸಾಕುವ ನೀವೇ ಬೇಡ ಅಂದರೆ ಹೇಗೆ?" ಅಂದರು.

ಆ ಪ್ರಶ್ನೆ ನನ್ನನ್ನು ತುಂಬ ದಿನ ಬಿಡಲಿಲ್ಲ. ಈಗ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಈ ಅಂಟಿನಿಂದಲೇ ಮಾಡಿದ, ಪ್ರೊಪೋಲಿಸ್ ಅಂತ ಹೆಸರಿನ ಹನಿ, ಸ್ಪ್ರೇ, ಮುಲಾಮು ಎಲ್ಲ ಸಿಗುತ್ತವೆ. ಮನೆಯಲ್ಲಿ ಅರಿಸಿನ ಇದೆ, ಜೇನುತುಪ್ಪ ಇದೆ, ಮೆಡಿಕಲ್‌ನಿಂದ ತಂದ ಟ್ಯೂಬ್ ಇದೆ. ಯಾವ ಗಾಯಕ್ಕೆ ಯಾವುದು ಅಂತ ನಾನು ಓದಿ, ಮಾಡಿ, ಒಮ್ಮೆ ಪೆಟ್ಟು ತಿಂದು ತಿಳಿದದ್ದನ್ನು ಬರೆಯುತ್ತಿದ್ದೇನೆ.

ಈ ಅಂಟು ಅಂದರೆ ಏನು

ಮರದ ಮೊಗ್ಗು, ತೊಗಟೆ, ಗಾಯವಾದ ಕೊಂಬೆಗಳಿಂದ ಒಸರುವ ರಾಳವನ್ನು ಜೇನುನೊಣ ಕಚ್ಚಿ ತೆಗೆದು, ಹಿಂಗಾಲಿಗೆ ಮೆತ್ತಿಕೊಂಡು ತರುತ್ತದೆ. ಗೂಡಿಗೆ ಬಂದ ಮೇಲೆ ಅದಕ್ಕೆ ತನ್ನ ಮೇಣ ಸೇರಿಸುತ್ತದೆ. ಯುರೋಪಿನ ಪ್ರೊಪೋಲಿಸ್‌ನಲ್ಲಿ ಸುಮಾರು ಅರ್ಧ ರಾಳ, 30 ಶೇಕಡಾ ಮೇಣ, 10 ಶೇಕಡಾ ಸುವಾಸನೆಯ ಎಣ್ಣೆ, ಉಳಿದದ್ದು ಪರಾಗ ಮತ್ತು ಬೇರೆ ಬೇರೆ ಎಂದು ಲೆಕ್ಕ ಹೇಳುತ್ತಾರೆ. ಬಿರುಕು ಮುಚ್ಚುವುದಕ್ಕೆ, ಬಾಗಿಲು ಸಣ್ಣ ಮಾಡುವುದಕ್ಕೆ, ಒಳಗೆ ಬೂಸ್ಟು ಬಾರದ ಹಾಗೆ ನೋಡಿಕೊಳ್ಳುವುದಕ್ಕೆ ನೊಣಗಳು ಇದನ್ನು ಬಳಸುತ್ತವೆ. ಗೂಡಿನೊಳಗೆ ಇಲಿ ಸತ್ತರೆ ಎಳೆದು ಹಾಕುವ ಶಕ್ತಿ ಅವಕ್ಕಿಲ್ಲ, ಹಾಗಾಗಿ ಮೈಗೆಲ್ಲ ಅಂಟು ಬಳಿದು ಮುಚ್ಚಿಬಿಡುತ್ತವೆ. ಅದು ಕೊಳೆಯುವುದಿಲ್ಲ. ಇದನ್ನು ನೋಡಿದವರಿಗೆ ನಮ್ಮ ಗಾಯಕ್ಕೂ ಒಳ್ಳೆಯದೇ ಇರಬೇಕು ಅನ್ನಿಸುವುದು ಸಹಜ ಅಲ್ವಾ? ಹಳೆಯ ಗ್ರೀಕರಿಗೂ ಹಾಗೇ ಅನ್ನಿಸಿತ್ತು. ಪ್ರೊಪೋಲಿಸ್ ಎಂಬ ಹೆಸರೇ ಅವರದು, ಊರ ಮುಂದಿನದು ಅಂತ ಅರ್ಥ.

ಲ್ಯಾಬಿನಲ್ಲಿ ಈ ಅಂಟಿನ ರಸ ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆ ತಡೆಯುತ್ತದೆ, ಉರಿಯೂತ ಕಡಿಮೆ ಮಾಡುತ್ತದೆ. ಇದು ಸುಳ್ಳಲ್ಲ. ಆದರೆ ಪ್ರೊಪೋಲಿಸ್ ಅನ್ನುವುದು ಒಂದೇ ವಸ್ತು ಅಲ್ಲ. ಯುರೋಪಿನಲ್ಲಿ ನೊಣಗಳು ಹೆಚ್ಚಾಗಿ ಪಾಪ್ಲರ್ ಮರದ ಮೊಗ್ಗಿನಿಂದ ತರುತ್ತವೆ. ಬ್ರೆಜಿಲ್‌ನ ಹಸಿರು ಪ್ರೊಪೋಲಿಸ್ ಬಕಾರಿಸ್ ಎಂಬ ಪೊದೆಯದು. ಅಲ್ಲಿಯದೇ ಕೆಂಪು ಪ್ರೊಪೋಲಿಸ್ ಬೀಟೆಯ ಜಾತಿಗೆ ಸೇರಿದ ಇನ್ನೊಂದು ಗಿಡದ್ದು. ಮೂರರಲ್ಲೂ ಇರುವ ಮುಖ್ಯ ಅಂಶಗಳು ಬೇರೆ ಬೇರೆ. ನಮ್ಮ ಕರಾವಳಿ, ಮಲೆನಾಡಿನಲ್ಲಿ ಪಾಪ್ಲರ್ ಎಲ್ಲಿದೆ? ಇಲ್ಲಿ ಮಾವು, ಹಲಸು, ಗೇರು, ಧೂಪ. ಬ್ರೆಜಿಲ್‌ನಲ್ಲಿ ಮಾಡಿದ ಪರೀಕ್ಷೆಯ ಫಲಿತಾಂಶವನ್ನು ತೋರಿಸಿ ನಮ್ಮ ಪೆಟ್ಟಿಗೆಯ ಅಂಟನ್ನು ಮಾರುವುದು ಸರಿಯಲ್ಲ.

ಇನ್ನೊಂದು ಮಾತು. ನಾವು ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಈ ಅಂಟನ್ನು ಹೆಚ್ಚುಕಡಿಮೆ ತರುವುದೇ ಇಲ್ಲ. ತರುವುದು ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನು, ಮತ್ತು ನಮ್ಮ ಮುಜಂಟಿ. ಉತ್ತರ ಕನ್ನಡದ ಕಡೆ ಮುಜಂಟಿಗೆ ಮಿಸ್ರಿ ಅನ್ನುತ್ತಾರೆ. ಮುಜಂಟಿಯ ಮೊಟ್ಟೆ ಇಡುವ ಕೋಶ, ಜೇನಿನ ಕುಡಿಕೆ, ಬಾಗಿಲಿನ ಕೊಳವೆ ಎಲ್ಲವೂ ರಾಳ ಮತ್ತು ಮೇಣ ಸೇರಿಸಿ ಕಟ್ಟಿದವು. ಹಾಗಾಗಿ ಯಾರಾದರೂ "ನಮ್ಮ ನಾಟಿ ತುಡುವೆಯ ಪ್ರೊಪೋಲಿಸ್" ಅಂತ ಮಾರಿದರೆ ಎರಡು ಸಲ ಯೋಚಿಸಿ.

ಮೊದಲು ನೀರು

ಹೋಲಿಕೆ ಶುರುವಾಗುವ ಮೊದಲೇ ಒಂದು ಕೆಲಸ ಆಗಿರಬೇಕು. ಹರಿಯುವ ಶುದ್ಧ ನೀರಿನಲ್ಲಿ ಗಾಯ ತೊಳೆಯಬೇಕು, ಸುತ್ತಲಿನ ಚರ್ಮಕ್ಕೆ ಸೋಪು ಹಾಕಬೇಕು. ಮಣ್ಣು, ಕಸ, ಸಣ್ಣ ಕಲ್ಲು ಹೋಗುವವರೆಗೆ ತೊಳೆಯಬೇಕು. ರಕ್ತ ಬರುತ್ತಿದ್ದರೆ ಸ್ವಚ್ಛ ಬಟ್ಟೆ ಇಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ಮಧ್ಯೆ ಮಧ್ಯೆ ಎತ್ತಿ ನೋಡಬಾರದು. ಗಾಯದ ಬಹುಪಾಲು ಔಷಧ ಇಷ್ಟೇ. ಇದನ್ನು ಬಿಟ್ಟು ಅಂಟು ಮೆತ್ತಿದರೆ ಕೊಳೆಯನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದ ಹಾಗೆ. ಗಾಳಿ ಇಲ್ಲದ ಆಳದ ಗಾಯ ಅಂದರೆ ಧನುರ್ವಾಯುವಿನ ಕ್ರಿಮಿಗೆ ಬಹಳ ಇಷ್ಟ. ಆ ಕ್ರಿಮಿ ಇರುವುದು ನಮ್ಮ ತೋಟದ ಮಣ್ಣಿನಲ್ಲಿ, ಹಟ್ಟಿಯ ಗೊಬ್ಬರದಲ್ಲಿ. ಆ ಅಕ್ಕನಿಗೆ ಅಂಟು ಕೊಡದೇ ಇದ್ದದ್ದು ಇದೇ ಕಾರಣಕ್ಕೆ.

ಅಂಟಿನ ರೂಪಗಳು: ಎಲ್ಲವೂ ಒಂದೇ ಅಲ್ಲ

ಗೂಡಿನಿಂದ ನೇರವಾಗಿ ಕೆರೆದ ಹಸಿ ಅಂಟು ತೆರೆದ ಗಾಯಕ್ಕೆ ಬೇಡವೇ ಬೇಡ. ಅದರಲ್ಲಿ ಸತ್ತ ನೊಣದ ಕಾಲು, ರೆಕ್ಕೆ, ಧೂಳು, ಮರದ ಸಿಬಿರು ಇರುತ್ತದೆ. ಪೆಟ್ಟಿಗೆಗೆ ಬಣ್ಣ ಬಳಿದಿದ್ದರೆ ಕೆರೆಯುವಾಗ ಆ ಬಣ್ಣವೂ ಬರುತ್ತದೆ, ಬಣ್ಣದಲ್ಲಿರುವ ಸೀಸವೂ ಬರಬಹುದು. ಮೆಲ್ಲಿಫೆರಾ ಪೆಟ್ಟಿಗೆಗೆ ನುಸಿಯ ಔಷಧ ಹಾಕಿದ್ದರೆ ಅದರ ಅಂಶವೂ ಅಂಟಿನಲ್ಲಿ ಉಳಿಯುತ್ತದೆ. ನಮ್ಮ ಹಿರಿಯರು ಹಚ್ಚುತ್ತಿದ್ದರು, ನಿಜ. ಅವರ ಕಾಲದಲ್ಲಿ ಬೇರೆ ಏನೂ ಸಿಗುತ್ತಿರಲಿಲ್ಲ.

ಅಂಗಡಿಯಲ್ಲಿ ಸಿಗುವ ಹನಿ, ಅಂದರೆ ಟಿಂಚರ್, ಹೆಚ್ಚಾಗಿ 70 ಶೇಕಡಾದಷ್ಟು ಆಲ್ಕೋಹಾಲ್‌ನಲ್ಲಿ ಮಾಡಿದ್ದು. ರಾಳ ಆಲ್ಕೋಹಾಲ್‌ನಲ್ಲಿ ಚೆನ್ನಾಗಿ ಕರಗುತ್ತದೆ, ನೀರಿನಲ್ಲಿ ಕರಗುವುದು ಕಡಿಮೆ. ಇಲ್ಲಿಯೇ ನಾನು ಪೆಟ್ಟು ತಿಂದದ್ದು. ಮಗ ಸೈಕಲ್‌ನಿಂದ ಬಿದ್ದು ಮೊಣಕಾಲು ತರಚಿಕೊಂಡಿದ್ದ. ಆನ್‌ಲೈನ್‌ನಿಂದ ತರಿಸಿದ ಒಂದು ಬಾಟಲಿ ಇತ್ತು. ನೈಸರ್ಗಿಕ ಅಂತ ದೊಡ್ಡದಾಗಿ ಬರೆದಿತ್ತು. ನಾಲ್ಕು ಹನಿ ಬಿಟ್ಟೆ. ಹುಡುಗ ಕಿರುಚಿದ್ದು ಈಗಲೂ ಕಿವಿಯಲ್ಲಿದೆ. ಉರಿ ಒಂದೇ ಅಲ್ಲ, ಅಷ್ಟು ಜೋರಿನ ಆಲ್ಕೋಹಾಲ್ ಹೊಸದಾಗಿ ಬೆಳೆಯುತ್ತಿರುವ ಜೀವಕೋಶಗಳನ್ನೂ ಸುಡುತ್ತದೆ. ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಆಹಾರ ಪೂರಕ ಅಂತ ಇತ್ತು, ಗಾಯಕ್ಕೆ ಅಂತ ಎಲ್ಲೂ ಇರಲಿಲ್ಲ. ಅದನ್ನು ನೋಡಿದ್ದು ಆಮೇಲೆ. ತಪ್ಪು ನನ್ನದೇ.

ನೀರಿನಲ್ಲಿ ಅಥವಾ ಗ್ಲೈಕಾಲ್‌ನಲ್ಲಿ ಮಾಡಿದ ಹನಿ ಉರಿಯುವುದು ಕಡಿಮೆ, ಆದರೆ ನೀರಿನದ್ದರಲ್ಲಿ ಸಾರವೂ ಕಡಿಮೆ. ಮುಲಾಮು ಈ ಎಲ್ಲದರಲ್ಲಿ ಮೇಲು. ಗಾಯದ ಮೇಲೆ ತೇವ ಉಳಿಸುತ್ತದೆ, ಉರಿಯುವುದಿಲ್ಲ. ಪ್ರೊಪೋಲಿಸ್ ಬಳಸಲೇಬೇಕು ಅಂತ ಮನಸ್ಸಿದ್ದರೆ ಮುಲಾಮನ್ನೇ ತೆಗೆದುಕೊಳ್ಳಿ. ಅದರ ಮೇಲೆ ಚರ್ಮಕ್ಕೆ ಹಚ್ಚಲು ಅಂತ ಬರೆದಿರಬೇಕು. ಬ್ಯಾಚ್ ನಂಬರ್, ತಯಾರಿಸಿದ ದಿನ, ಯಾವ ದೇಶದ ಅಂಟು ಅನ್ನುವುದು ಇರಬೇಕು. "30 ಶೇಕಡಾ" ಅಂತ ಇದ್ದರೆ ಅದು ಶುದ್ಧ ಮಾಡಿದ ಸಾರವೋ, ಮೇಣ ಸಮೇತ ನೆನೆಹಾಕಿದ ಹಸಿ ಅಂಟಿನ ಲೆಕ್ಕವೋ ಅಂತ ಕೇಳಿ. ಒಂದೇ ಅಂಕಿ, ಒಳಗಿನ ಮಾಲು ಬೇರೆ ಬೇರೆ.

ಅಲರ್ಜಿಯ ವಿಷಯ ಹಗುರ ಅಲ್ಲ

ಇದನ್ನು ಮಾರುವವರು ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಚರ್ಮದ ಅಲರ್ಜಿ ತರುವ ವಸ್ತುಗಳಲ್ಲಿ ಪ್ರೊಪೋಲಿಸ್‌ಗೆ ಹೆಸರಿದೆ. ಯುರೋಪಿನ ಚರ್ಮವೈದ್ಯರು ಅಲರ್ಜಿ ಪತ್ತೆಗೆ ಬೆನ್ನಿನ ಮೇಲೆ ಅಂಟಿಸುವ ಪಟ್ಟಿಗಳಲ್ಲಿ ಇದೂ ಒಂದು ಖಾಯಂ ವಸ್ತು. ಪೆರು ಬಾಲ್ಸಂ ಎಂಬ ಸುವಾಸನೆಯ ರಾಳಕ್ಕೆ ಅಲರ್ಜಿ ಇರುವವರಿಗೆ ಇದೂ ಆಗದೇ ಇರಬಹುದು. ಸೆಂಟು ಹಾಕಿದರೆ ತುರಿಕೆ ಬರುವವರು ಎಚ್ಚರ ವಹಿಸಬೇಕು. ವರ್ಷಗಟ್ಟಲೆ ಪೆಟ್ಟಿಗೆ ಬಿಚ್ಚುವ ಜೇನು ಕೃಷಿಕರ ಕೈಗೇ ಇದರಿಂದ ಕಜ್ಜಿ ಬರುವುದುಂಟು.

ನೊಣ ಕಚ್ಚಿದಾಗ ಬರುವ ಅಲರ್ಜಿಗೂ ಇದಕ್ಕೂ ಸಂಬಂಧ ಇಲ್ಲ. ಅದು ವಿಷದ ಪ್ರೋಟೀನಿಗೆ, ಇದು ರಾಳದ ಅಂಶಕ್ಕೆ. "ನನಗೆ ಜೇನು ಕಚ್ಚಿದರೆ ಏನೂ ಆಗುವುದಿಲ್ಲ, ಹಾಗಾಗಿ ಅಂಟೂ ಆಗುತ್ತದೆ" ಅನ್ನುವ ಲೆಕ್ಕ ಸರಿ ಹೋಗುವುದಿಲ್ಲ.

ಬಳಸುವ ಮೊದಲು ಮೊಣಕೈ ಒಳಬದಿಯಲ್ಲಿ, ಗಾಯ ಇಲ್ಲದ ಚರ್ಮಕ್ಕೆ, ಅಕ್ಕಿ ಕಾಳಿನಷ್ಟು ಹಚ್ಚಿ. ದಿನಕ್ಕೆ ಎರಡು ಸಲ, ಒಂದು ವಾರ. ಒಂದೇ ದಿನ ನೋಡಿ ಬಿಟ್ಟರೆ ಸಾಲದು, ಈ ಜಾತಿಯ ಅಲರ್ಜಿ ಎರಡು ಮೂರು ದಿನ ಬಿಟ್ಟು ಕಾಣಿಸುತ್ತದೆ. ಕೆಂಪಾದರೆ, ತುರಿಸಿದರೆ ಆ ಮುಲಾಮು ನಿಮ್ಮದಲ್ಲ. ಗಾಯದ ಸುತ್ತ ಬಂದ ಅಲರ್ಜಿಯನ್ನು "ಗಾಯ ವಾಸಿಯಾಗುವಾಗ ತುರಿಕೆ ಬರುತ್ತದೆ" ಅಂತ ತಿಳಿದು ಇನ್ನೂ ಹಚ್ಚುತ್ತಾ ಹೋದವರನ್ನು ನೋಡಿದ್ದೇನೆ.

ಜೇನುತುಪ್ಪದ ಜೊತೆ ಹೋಲಿಸಿದರೆ

ಜೇನುಗೂಡಿನದೇ ಯಾವುದಾದರೂ ಬೇಕು ಅಂದರೆ, ಗಾಯದ ವಿಷಯದಲ್ಲಿ ನನ್ನ ಮತ ಅಂಟಿಗಿಂತ ಜೇನುತುಪ್ಪಕ್ಕೆ.

ಅಂಟು ಮರದಿಂದ ಮರಕ್ಕೆ ಬದಲಾಗುತ್ತದೆ ಅಂದೆನಲ್ಲ, ಜೇನುತುಪ್ಪವೂ ಬದಲಾಗುತ್ತದೆ. ಆದರೆ ಅದು ಕೆಲಸ ಮಾಡುವ ರೀತಿ ಹೆಚ್ಚಾಗಿ ಒಂದೇ. ಸಕ್ಕರೆ ಗಟ್ಟಿಯಾಗಿರುವುದರಿಂದ ಕ್ರಿಮಿಯ ನೀರನ್ನು ಎಳೆದುಕೊಳ್ಳುತ್ತದೆ. ಹುಳಿ ಗುಣ ಇದೆ. ಗಾಯದ ನೀರು ತಾಗಿದಾಗ ಅದರಲ್ಲಿರುವ ಒಂದು ಕಿಣ್ವ ನಿಧಾನವಾಗಿ ಸ್ವಲ್ಪ ಸ್ವಲ್ಪವೇ ಹೈಡ್ರೋಜನ್ ಪೆರಾಕ್ಸೈಡ್ ಮಾಡುತ್ತದೆ. ನ್ಯೂಜಿಲೆಂಡಿನ ಮನೂಕಾ ಜೇನಿಗೆ ಇದರ ಜೊತೆ ಬೇರೊಂದು ಅಂಶವೂ ಸೇರುತ್ತದೆ.

ಮನುಷ್ಯರ ಮೇಲೆ ಮಾಡಿದ ಪರೀಕ್ಷೆಗಳೂ ಜೇನಿನದೇ ಜಾಸ್ತಿ. ನಮ್ಮ ಪಕ್ಕದ ಸೊಲ್ಲಾಪುರದಲ್ಲಿ ಎಂ. ಸುಬ್ರಹ್ಮಣ್ಯಂ ಎಂಬ ಶಸ್ತ್ರಚಿಕಿತ್ಸಕರು 104 ಸುಟ್ಟಗಾಯದ ರೋಗಿಗಳಲ್ಲಿ ಜೇನನ್ನೂ ಸಿಲ್ವರ್ ಸಲ್ಫಾಡಯಾಜಿನ್ ಮುಲಾಮನ್ನೂ ಹೋಲಿಸಿ 1991ರಲ್ಲಿ ಪ್ರಕಟಿಸಿದರು. ಜೇನು ಹಚ್ಚಿದ ಗುಂಪಿನಲ್ಲಿ ಗಾಯ ಬೇಗ ವಾಸಿಯಾಗಿತ್ತು. 2015ರಲ್ಲಿ ಕಾಕ್ರೇನ್ ಸಂಸ್ಥೆ 26 ಪರೀಕ್ಷೆಗಳನ್ನು, ಒಟ್ಟು 3011 ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿತು. ಚರ್ಮದ ಪೂರ್ತಿ ಆಳಕ್ಕೆ ಹೋಗದ ಸುಟ್ಟಗಾಯ ಜೇನಿನಿಂದ ಸಾಮಾನ್ಯ ಪಟ್ಟಿಗಿಂತ ನಾಲ್ಕೈದು ದಿನ ಬೇಗ ವಾಸಿಯಾಗುತ್ತದೆ, ಆಪರೇಷನ್ ನಂತರ ಕೀವು ತುಂಬಿದ ಗಾಯಕ್ಕೂ ಉಪಯೋಗ ಇದೆ ಅಂತ ಕಂಡಿತು. ಸಣ್ಣಪುಟ್ಟ ಹೊಸ ಗಾಯಕ್ಕೆ ಹೆಚ್ಚಿನ ಲಾಭ ಕಾಣಲಿಲ್ಲ. ಪ್ರೊಪೋಲಿಸ್‌ನ ಮೇಲೂ ಪರೀಕ್ಷೆಗಳು ನಡೆದಿವೆ, ಸಣ್ಣ ಸುಟ್ಟಗಾಯಕ್ಕೆ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ. ಆಸೆ ಹುಟ್ಟಿಸುವ ಹಾಗೆಯೇ ಇವೆ. ಆದರೆ ಚಿಕ್ಕ ಚಿಕ್ಕವು, ಒಂದರಲ್ಲಿ ಬಳಸಿದ ಅಂಟು ಇನ್ನೊಂದರಲ್ಲಿ ಇಲ್ಲ.

ಆದರೆ ಆಸ್ಪತ್ರೆಯಲ್ಲಿ ಬಳಸುವ ಜೇನು ಗಾಮಾ ಕಿರಣದಿಂದ ಶುದ್ಧ ಮಾಡಿದ್ದು. ಅಮೆರಿಕದಲ್ಲಿ 2007ರಲ್ಲಿ ಇಂಥ ಜೇನಿನ ಪಟ್ಟಿಗೆ ಅನುಮತಿ ಸಿಕ್ಕಿತು. ಅಡುಗೆಮನೆಯ ಬಾಟಲಿಯ ಜೇನಿನಲ್ಲಿ ಬೊಟುಲಿಸಂ ಎಂಬ ಗಂಭೀರ ಕಾಯಿಲೆ ತರುವ ಕ್ರಿಮಿಯ ಬೀಜಕಗಳು ಇರಬಹುದು. ನಮ್ಮ ಮುಜಂಟಿ ಜೇನಿನಲ್ಲಂತೂ ನೀರಿನಂಶ ಜಾಸ್ತಿ, ಬೇಗ ಹುದುಗುತ್ತದೆ. ಔಷಧ ಅಂತ ದುಬಾರಿ ಬೆಲೆಗೆ ಹೋಗುವುದು ಅದೇ, ಗಾಯಕ್ಕೆ ಹೊಂದದೇ ಇರುವುದೂ ಅದೇ. ಒಂದು ವರ್ಷದೊಳಗಿನ ಮಗುವಿಗೆ ಯಾವ ಜೇನೂ ಬೇಡ, ಬಾಯಿಗೂ ಬೇಡ, ಗಾಯಕ್ಕೂ ಬೇಡ.

ಮೆಡಿಕಲ್ ಅಂಗಡಿಯ ಸಾಮಾನು

ಸುಲಭವಾಗಿ ಸಿಗುವ ವ್ಯಾಸಲಿನ್‌ಗೆ ನಾವು ಕೊಡಬೇಕಾದ ಮರ್ಯಾದೆ ಕೊಟ್ಟಿಲ್ಲ. ಗಾಯ ಗಾಳಿಗೆ ಒಣಗಬೇಕು ಅನ್ನುವುದು ಹಳೆಯ ನಂಬಿಕೆ. ಬ್ರಿಟನ್ನಿನ ಜಾರ್ಜ್ ವಿಂಟರ್ 1962ರಲ್ಲಿಯೇ ತೇವ ಉಳಿದ ಗಾಯದ ಮೇಲೆ ಹೊಸ ಚರ್ಮ ಬೇಗ ಬೆಳೆಯುತ್ತದೆ ಅಂತ ಹಂದಿಗಳಲ್ಲಿ ತೋರಿಸಿದ್ದರು. 1996ರಲ್ಲಿ ಅಮೆರಿಕದಲ್ಲಿ ಸಣ್ಣ ಚರ್ಮದ ಆಪರೇಷನ್ ಆದ 900ಕ್ಕೂ ಹೆಚ್ಚು ಜನರಲ್ಲಿ ಅರ್ಧ ಜನಕ್ಕೆ ಆಂಟಿಬಯಾಟಿಕ್ ಮುಲಾಮು, ಅರ್ಧ ಜನಕ್ಕೆ ಬರೀ ಪೆಟ್ರೋಲಿಯಂ ಜೆಲ್ಲಿ, ಅಂದರೆ ವ್ಯಾಸಲಿನ್ ತರಹದ್ದು, ಕೊಟ್ಟು ನೋಡಿದರು. ಸೋಂಕಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಜೆಲ್ಲಿಯಿಂದ ಅಲರ್ಜಿ ಒಬ್ಬರಿಗೂ ಬರಲಿಲ್ಲ.

ಕಂದು ಬಣ್ಣದ ಪೊವಿಡೋನ್ ಅಯೋಡಿನ್ ಕೊಳಕು ಗಾಯಕ್ಕೆ ಮೊದಲ ದಿನ ಒಳ್ಳೆಯದು. ವಾರಗಟ್ಟಲೆ ಹಚ್ಚುವುದಕ್ಕಲ್ಲ. ಥೈರಾಯ್ಡ್ ತೊಂದರೆ ಇದ್ದವರು ಡಾಕ್ಟರರನ್ನು ಕೇಳಿ. ಪ್ರತಿ ಮನೆಯ ಕಪಾಟಿನಲ್ಲಿರುವ ಫ್ರಾಮೈಸೆಟಿನ್ ಎಂಬ ಆಂಟಿಬಯಾಟಿಕ್ ಟ್ಯೂಬ್‌ಗೂ ಅಲರ್ಜಿ ತರುವ ಗುಣ ಇದೆ, ಪ್ರೊಪೋಲಿಸ್‌ಗೆ ಮಾತ್ರ ಅಲ್ಲ. ಡೆಟಾಲ್ ನೀರು ಸೇರಿಸದೆ ಸುರಿಯುವುದು, ಸ್ಪಿರಿಟ್ ಸುರಿಯುವುದು ಎರಡೂ ಬೇಡ.

ಅರಿಸಿನ, ಕಮ್ಯುನಿಸ್ಟ್ ಗಿಡ ಅನ್ನುವ ಕಳೆಯ ಎಲೆಯ ರಸ ನಮ್ಮಲ್ಲಿ ರೂಢಿ. ತೋಟದಲ್ಲಿ ಬೇರೇನೂ ಇಲ್ಲದಾಗ ಎಲೆ ಹಿಂಡಿದರೆ ರಕ್ತ ನಿಲ್ಲುವುದನ್ನು ನಾನೂ ನೋಡಿದ್ದೇನೆ. ಆದರೆ ಮನೆಗೆ ಬಂದ ಮೇಲೆ ತೊಳೆಯಲೇಬೇಕು. ಅರಿಸಿನ ಪುಡಿ ಗಾಯದ ಅಂಚಿಗೆ ಮೆತ್ತಿಕೊಂಡರೆ ಡಾಕ್ಟರರಿಗೆ ಗಾಯವೇ ಕಾಣುವುದಿಲ್ಲ.

ಯಾವ ಗಾಯಕ್ಕೆ ಯಾವುದು

ಕತ್ತಿ, ಮೆಟ್ಟುಗತ್ತಿ ತಾಗಿದ ಸಣ್ಣ ಗಾಯ: ತೊಳೆದು, ಒತ್ತಿ, ವ್ಯಾಸಲಿನ್ ಹಚ್ಚಿ, ಪಟ್ಟಿ ಹಾಕಿ. ಪಟ್ಟಿ ದಿನಾ ಬದಲಿಸಿ. ಪ್ರೊಪೋಲಿಸ್‌ನಿಂದ ಇಲ್ಲಿ ಹೆಚ್ಚಿನ ಉಪಕಾರ ಇಲ್ಲ. ಬಾಯಿ ಬಿಟ್ಟುಕೊಂಡ ಗಾಯಕ್ಕೆ ಹೊಲಿಗೆ ಬೇಕು, ತಡ ಮಾಡಬಾರದು.

ತರಚುಗಾಯ: ಇದೇ ಕ್ರಮ. ಒಳಗೆ ಸೇರಿದ ಮರಳು ತೆಗೆಯುವುದೇ ದೊಡ್ಡ ಕೆಲಸ.

ಸುಟ್ಟಗಾಯ: ಇಪ್ಪತ್ತು ನಿಮಿಷ ತಣ್ಣೀರು ಹರಿಯಲಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ಟಿಂಚರ್ ಅಂತೂ ಬೇಡ. ರೂಪಾಯಿ ನಾಣ್ಯಕ್ಕಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲಿನ ಮೇಲೆ ಆಗಿದ್ದರೆ ಡಾಕ್ಟರರ ಹತ್ತಿರ. ಸಣ್ಣದಕ್ಕೆ ಶುದ್ಧ ಮಾಡಿದ ಜೇನಿನ ಪಟ್ಟಿ ಸಿಕ್ಕಿದರೆ ಒಳ್ಳೆಯ ಆಯ್ಕೆ.

ಒಡೆದ ಹಿಮ್ಮಡಿ: ಪ್ರೊಪೋಲಿಸ್ ಮುಲಾಮಿಗೆ ಇದು ಒಳ್ಳೆಯ ಜಾಗ. ಅಲರ್ಜಿ ಇಲ್ಲ ಅಂತ ಖಾತ್ರಿ ಆದ ಮೇಲೆ ರಾತ್ರಿ ಹಚ್ಚಿ ಕಾಲುಚೀಲ ಹಾಕಿಕೊಳ್ಳಿ. ನಾನು ಬಳಸುವುದು ಇದಕ್ಕೇ.

ಬಾಯಿ ಹುಣ್ಣು: ಸಣ್ಣ ಪರೀಕ್ಷೆಗಳಲ್ಲಿ ಪ್ರೊಪೋಲಿಸ್‌ಗೆ ಸ್ವಲ್ಪ ಒಳ್ಳೆಯ ಫಲಿತಾಂಶ ಬಂದಿದೆ. ಬಾಯಿಗೆ ಅಂತಲೇ ಮಾಡಿದ, ಆಲ್ಕೋಹಾಲ್ ಇಲ್ಲದ್ದನ್ನು ಬಳಸಬಹುದು. ಆದರೆ ನಮ್ಮದು ಎಲೆ ಅಡಿಕೆ, ಹೊಗೆಸೊಪ್ಪು ಜಗಿಯುವ ಊರು. ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಇದ್ದರೆ ಹನಿ ಬಿಡುತ್ತಾ ಕೂರಬೇಡಿ. ದಂತವೈದ್ಯರಿಗೆ ತೋರಿಸಿ. ಕ್ಯಾನ್ಸರ್ ಬೇಗ ಸಿಕ್ಕಿದರೆ ಗುಣವಾಗುವ ಸಾಧ್ಯತೆ ಜಾಸ್ತಿ.

ಸಕ್ಕರೆ ಕಾಯಿಲೆಯವರ ಕಾಲಿನ ಗಾಯ: ಎಷ್ಟೇ ಸಣ್ಣದಿರಲಿ, ಮನೆಮದ್ದು ಬೇಡ. ನೋವು ಗೊತ್ತಾಗದ ಕಾಲಿನಲ್ಲಿ ಗಾಯ ಒಳಗಿಂದೊಳಗೆ ಹಬ್ಬುತ್ತದೆ.

ನಾಯಿ ಕಚ್ಚಿದ್ದು: ಸೋಪು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅದೇ ದಿನ ರೇಬಿಸ್ ಚುಚ್ಚುಮದ್ದು ಶುರು ಮಾಡಬೇಕು. ಸುಣ್ಣ, ಮೆಣಸಿನ ಪುಡಿ, ಅಂಟು ಯಾವುದನ್ನೂ ಮೆತ್ತಬಾರದು.

ಯಾವ ಗಾಯವಾದರೂ ಸುತ್ತ ಕೆಂಪು ಹಬ್ಬುತ್ತಾ ಹೋದರೆ, ಬಿಸಿಯಾದರೆ, ಕೀವು ಬಂದರೆ, ಜ್ವರ ಬಂದರೆ ಆಸ್ಪತ್ರೆಗೆ ಹೋಗಿ. ಮಣ್ಣು, ಗೊಬ್ಬರ ತಾಗಿದ ಗಾಯಕ್ಕೆ ಹಿಂದಿನ ಧನುರ್ವಾಯು ಚುಚ್ಚುಮದ್ದು (ಟಿಟಿ ಅಥವಾ ಟಿಡಿ) ಚುಚ್ಚಿಸಿ ಐದು ವರ್ಷ ದಾಟಿದ್ದರೆ ಮತ್ತೆ ಹಾಕಿಸಿ.

ಆ ಅಕ್ಕನಿಗೆ ಕೊನೆಯ ಟಿಟಿ ಯಾವಾಗ ಅಂತ ಕೇಳಿದೆ. "ಸಣ್ಣ ಮಗ ಹೊಟ್ಟೆಯಲ್ಲಿದ್ದಾಗ" ಅಂದರು. ಆ ಮಗ ಈಗ ಪಿಯುಸಿ ಓದುತ್ತಿದ್ದಾನೆ. ಬೈಕಿನಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹಾಕಿಸಿ ಬಂದೆ. ವಾಪಸ್ ಬಂದಾಗ ಪೆಟ್ಟಿಗೆ ಹಾಗೇ ತೆರೆದಿತ್ತು, ಮುಜಂಟಿಗಳು ನನ್ನ ತಲೆಕೂದಲಿಗೆಲ್ಲ ಮುತ್ತಿಕೊಂಡವು. ಬೆರಳಲ್ಲಿ ಉಳಿದಿದ್ದ ಅಂಟನ್ನು ಉಂಡೆ ಮಾಡಿ ಹೊಸ ಪೆಟ್ಟಿಗೆಯ ಬಾಗಿಲ ಸುತ್ತ ಬಳಿದೆ. ಆ ವಾಸನೆ ಹಿಡಿದು ಸಂಜೆಯೊಳಗೆ ಅವು ಒಳಗೆ ಹೋಗಲು ಶುರು ಮಾಡಿದವು.